ತೋಟಕ್ಕೊಂದು ಎಟಿವಿ: ಮೊದಲ ಸಲ ಕೊಳ್ಳುವ ಮುಂಚೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಅಡಿಕೆ ಕೃಷಿಕರು ನಾಲ್ಕು ಜನ ಸೇರಿದರೆ ಮಾತು ಸಾಗಾಟಕ್ಕೇ ಬಂದು ನಿಲ್ಲುತ್ತದೆ. ಕೊನೆ ತೆಗೆಯಲು ಉದ್ದದ ದೋಟಿ ಬಂದಿದೆ. ಹುಲ್ಲು ಕತ್ತರಿಸಲು ಯಂತ್ರ ಬಂದಿದೆ. ಆದರೆ ಕೆಳಗಿನ ತೋಟದ ಅಡಿಕೆ ಅಂಗಳಕ್ಕೆ ಬರಬೇಕು, ಹಟ್ಟಿಯ ಗೊಬ್ಬರ ಮರದ ಬುಡಕ್ಕೆ ಹೋಗಬೇಕು. ಅದು ಎಷ್ಟೋ ತೋಟಗಳಲ್ಲಿ ಇನ್ನೂ ತಲೆಹೊರೆಯೇ. ಹೊರುವ ಜನ ಕಡಿಮೆಯಾಗುತ್ತಿದ್ದಾರೆ, ಇದ್ದವರಿಗೂ ವಯಸ್ಸಾಗುತ್ತಿದೆ. ಹಾಗಾಗಿ ಎಟಿವಿ ಬಗ್ಗೆ ವಿಚಾರಿಸುವವರು ಜಾಸ್ತಿಯಾಗಿದ್ದಾರೆ.

ಎಟಿವಿ ಅಂದರೆ ನಾಲ್ಕು ದಪ್ಪ ಚಕ್ರ, ಬೈಕಿನ ಹಾಗೆ ಹ್ಯಾಂಡಲ್, ಎರಡೂ ಕಡೆ ಕಾಲು ಹಾಕಿ ಕೂರುವ ಸೀಟು. ಹಿಂದೆ ಮುಂದೆ ಸಾಮಾನು ಕಟ್ಟಲು ಕಂಬಿಯ ರ‍್ಯಾಕ್. ಹಿಂದಿನ ಕೊಕ್ಕೆಗೆ ಸಣ್ಣ ಟ್ರೈಲರ್ ಕೂಡ ಸಿಕ್ಕಿಸಬಹುದು. ಅಮೆರಿಕ, ಕೆನಡಾ ಕಡೆ ಇದನ್ನು ಹೊಲದ ಕೆಲಸಕ್ಕೂ ಬೇಟೆಗೂ ಕೊಳ್ಳುತ್ತಾರೆ. ನಮ್ಮಲ್ಲಿ ಬೇಟೆಯ ಮಾತು ಬೇರೆ, ಅದನ್ನು ಮುಂದೆ ಹೇಳುತ್ತೇನೆ. ತೋಟದ ಕೆಲಸಕ್ಕೆ ಆಗುತ್ತದೆಯೇ ಅಂದರೆ, ಕೆಲವು ತೋಟಗಳಿಗೆ ಖಂಡಿತ ಆಗುತ್ತದೆ. ಕೆಲವಕ್ಕೆ ಆಗುವುದಿಲ್ಲ. ನಿಮ್ಮದು ಯಾವುದು ಅಂತ ದುಡ್ಡು ಕೊಡುವ ಮೊದಲೇ ತಿಳಿದುಕೊಳ್ಳುವ ದಾರಿ ಇದೆ.

ಹೆಚ್ಚಿನವರು ಸಿಸಿ ಎಷ್ಟು, ಬೆಲೆ ಎಷ್ಟು ಅಂತ ಶುರು ಮಾಡುತ್ತಾರೆ. ನಾನು ಹೇಳುವುದು ಉಲ್ಟಾ. ನಿಮ್ಮ ತೋಟದಲ್ಲಿ ಅತಿ ಕಡಿದಾದ ಜಾಗ ಯಾವುದು, ಅತಿ ಇಕ್ಕಟ್ಟಾದ ತಿರುವು ಯಾವುದು, ಆಷಾಢದಲ್ಲಿ ಅತಿ ಜಾರುವ ಜಾಗ ಯಾವುದು? ಈ ಮೂರನ್ನು ನೋಡಿ ಗಾಡಿ ಆರಿಸಿ. ಉಳಿದ ಜಾಗದಲ್ಲಿ ಯಾವ ಗಾಡಿಯೂ ಓಡುತ್ತದೆ.

ಮೊದಲು ತೋಟವನ್ನು ಅಳೆಯಿರಿ

ಒಂದು ಟೇಪು, ಒಂದು ಹಗ್ಗ, ಒಂದು ಪುಸ್ತಕ ಹಿಡಿದು ಇಡೀ ತೋಟ ಒಮ್ಮೆ ಸುತ್ತಿ.

ಅಡಿಕೆಯನ್ನು ಸಾಮಾನ್ಯವಾಗಿ 9 ಅಡಿ ಅಂತರದಲ್ಲಿ, ಅಂದರೆ 2.7 ಮೀಟರಿಗೊಂದರಂತೆ ನೆಡುತ್ತಾರೆ. ಹಳೇ ತೋಟಗಳಲ್ಲಿ ಇದಕ್ಕಿಂತ ಒತ್ತಾಗಿಯೂ ಇರುತ್ತದೆ. ದೊಡ್ಡ ಎಟಿವಿಯ ಅಗಲ ಸುಮಾರು 4 ಅಡಿ. ಲೆಕ್ಕಕ್ಕೆ ಧಾರಾಳ ಜಾಗ ಇದೆ ಅಂತ ಕಾಣುತ್ತದೆ. ಆದರೆ ಸಾಲಿನ ನಡುವೆ ನೀರು ಹೋಗುವ ಕಣಿ ಇರುತ್ತದೆ, ಮರಕ್ಕೆ ಹಬ್ಬಿದ ಕಾಳುಮೆಣಸು ಇರುತ್ತದೆ, ಸ್ಪ್ರಿಂಕ್ಲರ್ ಪೈಪಿನ ಕಡ್ಡಿ ನಿಂತಿರುತ್ತದೆ. ಕೊಕ್ಕೋ ಹಾಕಿದ್ದರೆ ಅದರ ಗೆಲ್ಲು ಎದೆಮಟ್ಟದಲ್ಲಿ ಚಾಚಿಕೊಂಡಿರುತ್ತದೆ. ಗಾಡಿ ದಾಟಿದರೂ ಕುಳಿತವನ ಮುಖಕ್ಕೆ ಗೆಲ್ಲು ಬಡಿಯುತ್ತದೆ. ಆದ್ದರಿಂದ ನೆಲದಲ್ಲಿ ಮಾತ್ರ ಅಳೆದು ಬಿಡಬೇಡಿ, ಎದೆಮಟ್ಟದಲ್ಲೂ ಅಳೆಯಿರಿ. ಟ್ರೈಲರ್ ಸಮೇತ ಹೋಗಬೇಕಾದರೆ ಕನಿಷ್ಠ 6 ಅಡಿ ಖಾಲಿ ದಾರಿ ಇದ್ದರೆ ನೆಮ್ಮದಿ. ತಿರುವಿನಲ್ಲಿ ಇನ್ನೂ ಜಾಸ್ತಿ ಬೇಕು. ಟ್ರೈಲರಿನ ಚಕ್ರ ಗಾಡಿಯ ಚಕ್ರಕ್ಕಿಂತ ಒಳಗಿನಿಂದ ತಿರುಗುತ್ತದೆ, ಮೂಲೆಯ ಮರದ ಬುಡಕ್ಕೆ ಉಜ್ಜುವುದು ಅದೇ.

ಇಳಿಜಾರು ಅಳೆಯುವುದು ಇದಕ್ಕಿಂತ ಮುಖ್ಯ. ಮೊಬೈಲಿನಲ್ಲಿ ಕೋನ ತೋರಿಸುವ ಆಪ್ ಇದೆ. ಅದು ಬೇಡ ಅಂದರೆ ಹಗ್ಗ ಸಾಕು. ಮೇಲಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿಯಿರಿ. ಹಗ್ಗವನ್ನು ಮಟ್ಟಸವಾಗಿ 12 ಅಡಿ ಎಳೆಯಿರಿ. ಆ ತುದಿಯಿಂದ ನೆಲಕ್ಕೆ ಎಷ್ಟು ಅಡಿ ಇದೆ ನೋಡಿ. 3 ಅಡಿಗಿಂತ ಸ್ವಲ್ಪ ಹೆಚ್ಚು ಬಂದರೆ ಅದು ಸುಮಾರು 15 ಡಿಗ್ರಿ. ಎಷ್ಟೋ ಎಟಿವಿಗಳ ಕೈಪಿಡಿಯಲ್ಲಿ 15 ಡಿಗ್ರಿಗಿಂತ ಕಡಿದಾದ ಕಡೆ ಓಡಿಸಬೇಡಿ ಅಂತ ಬರೆದಿರುತ್ತದೆ. ಕೆಲವು ಮಾದರಿಗೆ 25 ಡಿಗ್ರಿವರೆಗೆ ಹೇಳಿರುತ್ತದೆ. ಜಾಹೀರಾತಿನ ವಿಡಿಯೋದಲ್ಲಿ ಬಂಡೆ ಹತ್ತುವುದನ್ನು ನೋಡಿ ನಂಬಬೇಡಿ, ಕೈಪಿಡಿ ನೋಡಿ. ನಮ್ಮ ಗುಡ್ಡೆ ತೋಟಗಳಲ್ಲಿ ಬರೆ ಕಡಿದು ಮಾಡಿದ ದಾರಿ 15 ಡಿಗ್ರಿ ದಾಟುವುದು ಸಾಮಾನ್ಯ. ದಾಟಿದರೆ ಮೊದಲು ದಾರಿ ಸರಿಮಾಡಿ. ಜೆಸಿಬಿಯ ಕೆಲವು ಗಂಟೆಯ ಬಾಡಿಗೆಯಲ್ಲಿ ದಾರಿಯನ್ನು ಅಡ್ಡಕ್ಕೆ ಸುತ್ತಿಸಿ ಇಳಿಜಾರು ಕಡಿಮೆ ಮಾಡಬಹುದು. ದೊಡ್ಡ ಎಂಜಿನ್ನಿಗೆ ಸುರಿಯುವ ದುಡ್ಡಿಗಿಂತ ಅದು ತೀರಾ ಅಗ್ಗ, ಜೀವಕ್ಕೂ ಕ್ಷೇಮ. ದಾರಿ ಮಾಡಿಸುವಾಗ ಮಳೆನೀರು ಹೋಗಲು ಬದಿಯಲ್ಲಿ ಕಣಿ ಬಿಡಿಸಿ, ಇಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ದಾರಿಯೇ ತೋಡಾಗುತ್ತದೆ. ಗುಡ್ಡೆಯಲ್ಲಿ ನೀರಿಗಾಗಿ ಕೊರೆದ ಸುರಂಗ ಇದ್ದರೆ ಅದರ ಮೇಲಿನಿಂದ ದಾರಿ ಹೋಗದಂತೆ ನೋಡಿಕೊಳ್ಳಿ. ಬಾಯಾರು, ಶೇಣಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಜಾರುವ ಜಾಗ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಮುರಕಲ್ಲಿನ ದಾರಿ ಬೇಸಿಗೆಯಲ್ಲಿ ಗಟ್ಟಿ, ಮಳೆಯಲ್ಲಿ ಪಾಚಿ ಹಿಡಿದು ಕಾಲೇ ನಿಲ್ಲುವುದಿಲ್ಲ. ನೀವು ಮಾರ್ಚಿನಲ್ಲಿ ಗಾಡಿ ನೋಡಲು ಹೋದರೆ ಎಲ್ಲವೂ ಚೆಂದ ಓಡುತ್ತದೆ. ಜುಲೈಯಲ್ಲಿ ಆ ದಾರಿ ಹೇಗಿರುತ್ತದೆ ಅಂತ ನೆನಪಿಟ್ಟುಕೊಂಡು ಅಳತೆ ಬರೆಯಿರಿ.

ತೋಡು, ಕಣಿ ದಾಟುವ ಸಂಕಗಳನ್ನೂ, ಅಂದರೆ ಕಾಲುಸೇತುವೆಗಳನ್ನೂ ಎಣಿಸಿ. ಅಡಿಕೆ ಮರದ ಸಂಕ ಮನುಷ್ಯರಿಗೆ ಸರಿ. 300 ಕೆಜಿಗೂ ಮೀರಿದ ಗಾಡಿಗೆ, ಅದರ ಮೇಲಿನ ಮನುಷ್ಯನಿಗೆ, ಹಿಂದಿನ ಟ್ರೈಲರಿಗೆ ಅದು ಆಗುವುದಿಲ್ಲ. ಕಾಂಕ್ರೀಟು ಹಲಗೆಯೋ ಕಬ್ಬಿಣದ ತೊಲೆಯೋ ಬೇಕು. ಆ ಖರ್ಚನ್ನೂ ಗಾಡಿಯ ಖರ್ಚಿನ ಜೊತೆಗೇ ಬರೆದಿಡಿ.

ಹೊರೆಯ ಲೆಕ್ಕ

ಒಂದು ದಿನಕ್ಕೆ ಎಷ್ಟು ಹೊರಬೇಕು ಅನ್ನುವುದಕ್ಕಿಂತ, ಒಂದು ಸಲಕ್ಕೆ ಅತಿ ಭಾರದ್ದು ಯಾವುದು ಅಂತ ನೋಡಿ. ನಮ್ಮಲ್ಲಿ ಅದು ಹೆಚ್ಚಾಗಿ ನೀರು. ಮಹಾಳಿಗೆ, ಅಂದರೆ ಅಡಿಕೆಯ ಕೊಳೆರೋಗಕ್ಕೆ, ಮದ್ದು ಬಿಡುವ ಕಾಲವನ್ನೇ ತೆಗೆದುಕೊಳ್ಳಿ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು. 200 ಲೀಟರಿನ ಒಂದು ಡ್ರಮ್ಮು ತುಂಬಿದರೆ 200 ಕೆಜಿಗೂ ಮೇಲಾಯಿತು. ಅದರ ಜೊತೆ ಪಂಪು, ಪೈಪು.

ಈಗ ರ‍್ಯಾಕ್ ನೋಡಿ. 570 ಸಿಸಿಯ ಎಟಿವಿಯಲ್ಲೂ ಮುಂದಿನ ರ‍್ಯಾಕಿಗೆ ಸುಮಾರು 40 ಕೆಜಿ, ಹಿಂದಿನದಕ್ಕೆ ಸುಮಾರು 80 ಕೆಜಿ ಅಷ್ಟೇ ಮಿತಿ. ಡ್ರಮ್ಮು ಅದರ ಮೇಲೆ ಇಡುವ ಮಾತೇ ಇಲ್ಲ. ರ‍್ಯಾಕ್ ಇರುವುದು ಕತ್ತಿ, ಹಗ್ಗ, ಸಣ್ಣ ಗೋಣಿ, ಬೇಲಿಯ ತಂತಿ ಇಂಥದ್ದಕ್ಕೆ. ಎತ್ತರದಲ್ಲಿ ಭಾರ ಹಾಕಿದಷ್ಟೂ ಗಾಡಿ ಮಗುಚುವುದು ಸುಲಭ. ನಿಜವಾದ ಹೊರೆ ಟ್ರೈಲರಿಗೆ ಹೋಗಬೇಕು.

ಟ್ರೈಲರಿನಲ್ಲೂ ಒಂದು ಲೆಕ್ಕ ಇದೆ. ಕಂಪೆನಿ ಹೇಳುವ ಎಳೆಯುವ ಮಿತಿಯಲ್ಲಿ ಟ್ರೈಲರಿನ ಸ್ವಂತ ತೂಕವೂ ಸೇರುತ್ತದೆ. ಆ ಮಿತಿ ಮಟ್ಟಸ ನೆಲದ್ದೇ, ಏರಿನದ್ದೇ ಅಂತ ಕೇಳಿ. 15 ಡಿಗ್ರಿ ಏರಿನಲ್ಲಿ 300 ಕೆಜಿಯ ಟ್ರೈಲರ್ ಗಾಡಿಯನ್ನು ಸುಮಾರು 75 ಕೆಜಿ ಬಲದಲ್ಲಿ ಹಿಂದಕ್ಕೆ ಜಗ್ಗುತ್ತದೆ. ಇಳಿಯುವಾಗ ಅಷ್ಟೇ ಬಲದಲ್ಲಿ ಮುಂದಕ್ಕೆ ದೂಡುತ್ತದೆ. ಹತ್ತುವುದಕ್ಕಿಂತ ಇಳಿಯುವುದು ಜಾಸ್ತಿ ಅಪಾಯ. ಹಗುರ ಗಾಡಿಗೆ ಭಾರದ ಟ್ರೈಲರ್ ಸಿಕ್ಕಿಸಿದರೆ ಇಳಿಜಾರಿನಲ್ಲಿ ಗಾಡಿ ಟ್ರೈಲರನ್ನು ತಡೆಯುವುದಿಲ್ಲ, ಟ್ರೈಲರೇ ಗಾಡಿಯನ್ನು ಒಯ್ಯುತ್ತದೆ. ಇಳಿಜಾರಿನ ತೋಟದವರು ಬ್ರೇಕು ಇರುವ ಟ್ರೈಲರನ್ನೇ ಕೇಳಿ.

ಡ್ರಮ್ಮನ್ನು ಅರ್ಧ ತುಂಬಿಸಿ ಒಯ್ಯುವ ಅಭ್ಯಾಸ ಬೇಡ. ನೀರು ಒಳಗೆ ತುಳುಕಿ ತಿರುವಿನಲ್ಲಿ ಭಾರವೆಲ್ಲ ಒಂದು ಬದಿಗೆ ಹೋಗುತ್ತದೆ. ಒಂದು ದೊಡ್ಡ ಡ್ರಮ್ಮಿನ ಬದಲು ಮುಚ್ಚಳ ಇರುವ ಸಣ್ಣ ಕ್ಯಾನುಗಳನ್ನು ತುಂಬಿಸಿ ಒಯ್ಯುವುದು ಒಳ್ಳೆಯದು. ಟ್ರೈಲರಿನಲ್ಲಿ ಭಾರ ಸ್ವಲ್ಪ ಮುಂದಕ್ಕೆ ಇರಲಿ, ಹತ್ತರಲ್ಲಿ ಒಂದು ಪಾಲಿನಷ್ಟು ಕೊಕ್ಕೆಯ ಮೇಲೆ ಬೀಳುವಂತೆ. ಹಿಂದೆ ಭಾರ ಜಾಸ್ತಿಯಾದರೆ ಗಾಡಿಯ ಹಿಂಚಕ್ರವನ್ನೇ ಎತ್ತುತ್ತದೆ.

ಎಟಿವಿಯೇ ಬೇಕಾ?

ಅಳತೆ ಕೈಗೆ ಬಂದ ಮೇಲೆ ಈ ಪ್ರಶ್ನೆ ಕೇಳಿಕೊಳ್ಳಿ. ಮಟ್ಟಸ ತೋಟ, ಅಗಲದ ದಾರಿ ಇದ್ದರೆ ಸಣ್ಣ ಟ್ರಾಕ್ಟರ್ ಸಾಕು. ಅದಕ್ಕೆ ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ, ಮೆಕ್ಯಾನಿಕ್ ಊರಲ್ಲೇ ಇರುತ್ತಾನೆ. ಕೆಲಸ ಬರೀ ಗೊಬ್ಬರ, ಅಡಿಕೆ ಸಾಗಿಸುವುದಾದರೆ ಹಿಂದೆ ನಡೆದುಕೊಂಡು ಹೋಗುತ್ತಾ ಓಡಿಸುವ ಎಂಜಿನ್ ಗಾಡಿ ಮೋಟೋಕಾರ್ಟ್ ಬೆಲೆಯಲ್ಲಿ ತುಂಬಾ ಕಡಿಮೆ, ಇಕ್ಕಟ್ಟಿನಲ್ಲೂ ನುಗ್ಗುತ್ತದೆ. ಅದು ಮಗುಚಿದರೂ ಅದರ ಮೇಲೆ ನೀವು ಕುಳಿತಿರುವುದಿಲ್ಲ. ಎರಡು ಮೂರು ಎಕರೆಯ ತೋಟದವರಿಗೆ ನಾನು ಮೊದಲು ಹೇಳುವುದು ಮೋಟೋಕಾರ್ಟೇ.

ಎಟಿವಿ ಯಾರಿಗೆ ಅಂದರೆ, ತೋಟ ಎರಡು ಮೂರು ಕಡೆ ಹಂಚಿಹೋದವರಿಗೆ. ಮನೆಯಿಂದ ಗುಡ್ಡೆಯ ಮೇಲಿನ ಟ್ಯಾಂಕಿಗೆ, ಅಲ್ಲಿಂದ ಕೆಳಗಿನ ಪಂಪುಶೆಡ್ಡಿಗೆ, ಬೇಲಿ ನೋಡಲು ದಿನಕ್ಕೆ ಹಲವು ಸಲ ಹೋಗಿ ಬರುವವರಿಗೆ. ಮೊಣಕಾಲು ನೋವಿನಿಂದ ಗುಡ್ಡೆ ಹತ್ತಲಾಗದೆ ಸ್ವಂತ ತೋಟ ನೋಡುವುದೇ ಬಿಟ್ಟ ಹಿರಿಯರು ನಮ್ಮಲ್ಲಿ ಎಷ್ಟು ಮಂದಿ! ದಾರಿ ಸರಿ ಇದ್ದರೆ ಅಂಥವರಿಗೆ ಈ ಗಾಡಿ ದೊಡ್ಡ ಉಪಕಾರ. ಆದರೆ ಅವರಿಗೆ ಎಟಿವಿಗಿಂತ ಪಕ್ಕಪಕ್ಕ ಕೂರುವ, ಸ್ಟೀರಿಂಗ್ ಚಕ್ರ ಇರುವ ಯುಟಿವಿ ಇನ್ನೂ ಒಳ್ಳೆಯದು. ಅದಕ್ಕೆ ಮೇಲೆ ಕಬ್ಬಿಣದ ಚೌಕಟ್ಟು ಇರುತ್ತದೆ, ಸೀಟುಬೆಲ್ಟ್ ಇರುತ್ತದೆ, ಹಿಂದೆ ಸಾಮಾನಿನ ತೊಟ್ಟಿ ಇರುತ್ತದೆ. ಬೆಲೆ ಜಾಸ್ತಿ, ಅಗಲ ಜಾಸ್ತಿ. ದಾರಿ ಅಗಲ ಇದ್ದವರಿಗೆ ಮಾತ್ರ.

ಗಾಡಿಯಲ್ಲಿ ಏನು ನೋಡಬೇಕು

ಸಣ್ಣ ಎಟಿವಿಗಳು 110ರಿಂದ 200 ಸಿಸಿಯವು. ಹೆಚ್ಚಿನವಕ್ಕೆ ಚೈನು, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ, ಗಾಳಿಯಿಂದ ತಣಿಯುವ ಎಂಜಿನ್. ರೆಸಾರ್ಟುಗಳಲ್ಲಿ ಮಕ್ಕಳನ್ನು ಸುತ್ತಿಸುವುದು ಇಂಥವೇ. ಮಟ್ಟಸ ತೋಟದಲ್ಲಿ ಓಡಾಡಲು ಪರವಾಗಿಲ್ಲ. ಹೊರೆ ಸಿಕ್ಕಿಸಿ ನಿಧಾನಕ್ಕೆ ಏರು ಹತ್ತಿದರೆ ಎಂಜಿನ್ ಬಿಸಿಯೇರುತ್ತದೆ, ಕೆಸರು ಮೆತ್ತಿದ ಚೈನು ಬೇಗ ಸವೆಯುತ್ತದೆ. ಗುಡ್ಡೆ ತೋಟಕ್ಕೆ ನಾನು ಇದನ್ನು ಹೇಳುವುದಿಲ್ಲ.

ಕೆಲಸಕ್ಕೆ ಅಂತ ಮಾಡಿದ ಗಾಡಿಗಳು 400 ಸಿಸಿಯಿಂದ ಮೇಲೆ. ಅವುಗಳಲ್ಲಿ ಈ ನಾಲ್ಕು ಇದೆಯೇ ಅಂತ ನೋಡಿ. ನಾಲ್ಕೂ ಚಕ್ರಕ್ಕೆ ಎಳೆತ. ಹೊರೆ ಎಳೆಯುವಾಗ ಹಾಕುವ ನಿಧಾನದ ಲೋ ಗೇರು. ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುವ ವ್ಯವಸ್ಥೆ. ನಿಲ್ಲಿಸಿದಲ್ಲಿ ನಿಲ್ಲಿಸಲು ಪಾರ್ಕಿಂಗ್ ಲಾಕ್. ನಮ್ಮ ಏರುತಗ್ಗಿಗೆ ಮೂರನೆಯದು ಬಹಳ ಮುಖ್ಯ. ಒದ್ದೆ ಮುರಕಲ್ಲಿನಲ್ಲಿ ಬ್ರೇಕು ಒತ್ತಿದರೆ ಚಕ್ರ ನಿಂತು ಗಾಡಿ ಜಾರುತ್ತದೆ. ಎಂಜಿನ್ ಹಿಡಿತ ಇದ್ದರೆ ಚಕ್ರ ತಿರುಗುತ್ತಲೇ ನಿಧಾನ ಇಳಿಯುತ್ತದೆ.

ಹೆಚ್ಚಿನ ಕೆಲಸದ ಎಟಿವಿಗಳಲ್ಲಿ ಸ್ಕೂಟರಿನ ಹಾಗೆ ಬೆಲ್ಟ್ ಇರುತ್ತದೆ. ಬೆಲ್ಟ್ ಒದ್ದೆಯಾದರೆ ಜಾರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಆದ್ದರಿಂದ ಬೆಲ್ಟ್ ಪೆಟ್ಟಿಗೆಗೆ ಗಾಳಿ ಹೋಗುವ ಬಾಯಿ ಎಷ್ಟು ಎತ್ತರದಲ್ಲಿದೆ, ನೀರು ಹೊರಬಿಡುವ ತಿರುಪು ಎಲ್ಲಿದೆ ಅಂತ ಮಾರುವವರ ಹತ್ತಿರ ತೋರಿಸಲು ಹೇಳಿ. ತೋರಿಸಲು ಬರದಿದ್ದರೆ ಅವರಿಗೆ ಆ ಗಾಡಿ ಗೊತ್ತಿಲ್ಲ ಅಂತ ಅರ್ಥ, ಸರ್ವಿಸ್ ಬಗ್ಗೆಯೂ ಯೋಚಿಸಬೇಕಾಗುತ್ತದೆ. ತೋಡಿನಲ್ಲಿ ಎಷ್ಟು ನೀರಿನವರೆಗೆ ಇಳಿಸಬಹುದು ಅಂತ ಕೈಪಿಡಿಯಲ್ಲಿ ಇರುತ್ತದೆ. ಆದರೂ ಕೆಂಪು ನೀರು ಹರಿಯುವ ತೋಡಿಗೆ ಇಳಿಸಲೇಬೇಡಿ, ಅಡಿಯ ಹೊಂಡ ಕಾಣುವುದಿಲ್ಲ.

ಚಕ್ರದ ಗಾಳಿ ಬೈಕಿನ ಹಾಗಲ್ಲ. ಎಟಿವಿ ಟಯರಿಗೆ 5ರಿಂದ 7 ಪಿಎಸ್‌ಐ ಅಷ್ಟೇ ಹಾಕುವುದು. ಬೈಕಿನ ಲೆಕ್ಕದಲ್ಲಿ 25, 30 ಹಾಕಿದರೆ ಗಾಡಿ ಕುಣಿಯುತ್ತದೆ, ಹಿಡಿತ ಹೋಗುತ್ತದೆ, ಟಯರು ಒಡೆಯಲೂಬಹುದು. ಪೆಟ್ರೋಲು ಬಂಕಿನ ಮೀಟರು ಇಷ್ಟು ಕಡಿಮೆಯನ್ನು ಸರಿಯಾಗಿ ತೋರಿಸುವುದಿಲ್ಲ. ಕಡಿಮೆ ಒತ್ತಡದ ಸಣ್ಣ ಗೇಜ್ ಒಂದನ್ನು ಗಾಡಿಯ ಜೊತೆಗೇ ತೆಗೆದುಕೊಳ್ಳಿ. ಗಾಳಿ ಕಡಿಮೆ ಇರುವುದರಿಂದ ನೆಲದ ಮೇಲೆ ಒತ್ತಡವೂ ಕಡಿಮೆ. ಆದರೂ ಅಡಿಕೆಯ ಬೇರು ಹೆಚ್ಚಾಗಿ ಬುಡದ ಸುತ್ತ, ಮೇಲ್ಮಣ್ಣಿನಲ್ಲೇ ಇರುವುದು. ಯಾವಾಗಲೂ ಸಾಲಿನ ನಡುವಿನ ಒಂದೇ ದಾರಿಯಲ್ಲಿ ಓಡಿಸಿ, ಬುಡದ ಮೇಲೆ ಹತ್ತಿಸಬೇಡಿ.

ಪೆಟ್ರೋಲಿನ ವಿಚಾರ ಒಂದು. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಸೇರಿದ ಪೆಟ್ರೋಲು. ಹೊರದೇಶದ ಎಷ್ಟೋ ಎಟಿವಿಗಳ ಕೈಪಿಡಿಯಲ್ಲಿ ಶೇಕಡಾ 10 ಅಂತ ಮಿತಿ ಹಾಕಿರುತ್ತಾರೆ. ಈ ಗಾಡಿಗೆ ನಮ್ಮ ಪೆಟ್ರೋಲು ಆಗುತ್ತದೆ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತು ಸಾಲದು, ವಾರಂಟಿ ಬಂದಾಗ ಕಾಗದವೇ ಬೇಕಾಗುವುದು.

ರಸ್ತೆ, ರಿಜಿಸ್ಟ್ರೇಷನ್, ಗಡಿ

ನಮ್ಮ ಎಷ್ಟೋ ತೋಟಗಳ ನಡುವೆ ಪಂಚಾಯತು ರಸ್ತೆ ಹಾದುಹೋಗುತ್ತದೆ. ಈ ಕಡೆಯ ತೋಟದಿಂದ ಆ ಕಡೆಯ ಅಂಗಳಕ್ಕೆ ಹೋಗಬೇಕಾದರೆ ರಸ್ತೆ ದಾಟಲೇಬೇಕು. ಭಾರತದಲ್ಲಿ ಮಾರುವ ಹೆಚ್ಚಿನ ಎಟಿವಿಗಳಿಗೆ ರಸ್ತೆಗೆ ಇಳಿಯುವ ಅನುಮತಿ ಇಲ್ಲ. ಅವು ಖಾಸಗಿ ಜಾಗದೊಳಗೆ ಮಾತ್ರ. ರಿಜಿಸ್ಟ್ರೇಷನ್ ಆಗದ ಗಾಡಿಗೆ ಮೋಟಾರು ವಾಹನ ಕಾಯ್ದೆ ಹೇಳುವ ವಿಮೆ ಇರುವುದಿಲ್ಲ. ರಸ್ತೆಯಲ್ಲಿ ಯಾರಿಗಾದರೂ ತಾಗಿದರೆ ಆ ಪರಿಹಾರ ನಿಮ್ಮ ತಲೆಯ ಮೇಲೆ ಬರುತ್ತದೆ. ತೋಟವನ್ನೇ ಮಾರಬೇಕಾದೀತು. ನೂರು ಮೀಟರ್ ತಾನೇ ಅಂತ ಸುಮ್ನೆ ಇಳಿಸಬೇಡಿ.

ಇದಕ್ಕೆ ಒಂದು ದಾರಿ ಇದೆ. ಪೊಲಾರಿಸ್ ಕಂಪೆನಿ 2021ರಲ್ಲಿ ಸ್ಪೋರ್ಟ್ಸ್‌ಮನ್ 570 ಎಟಿವಿಯನ್ನು ಟ್ರಾಕ್ಟರ್ ಅಂತ ಪ್ರಮಾಣಪತ್ರ ಮಾಡಿಸಿ ಭಾರತದಲ್ಲಿ ಬಿಟ್ಟಿತು. ಆಗಿನ ಬೆಲೆ 7.99 ಲಕ್ಷ ರೂಪಾಯಿ. ಟ್ರಾಕ್ಟರ್ ಅಂತ ರಿಜಿಸ್ಟರ್ ಆಗುವ ಗಾಡಿಯನ್ನು ರಸ್ತೆಯಲ್ಲಿ ಓಡಿಸಬಹುದು. ಇಂಥ ಮಾದರಿ ಈಗ ಸ್ಟಾಕಿನಲ್ಲಿದೆಯೇ, ಬೆಲೆ ಎಷ್ಟು ಅಂತ ಕೇಳಿ. ಬೇರೆ ಕಂಪೆನಿಯವರೂ ರಸ್ತೆಗೆ ಆಗುತ್ತದೆ ಅಂದರೆ, ಯಾವ ವರ್ಗದಲ್ಲಿ ರಿಜಿಸ್ಟರ್ ಆಗುತ್ತದೆ ಅಂತ ಕಾಗದ ತೋರಿಸಲಿ. ಅದರ ಪ್ರತಿ ಹಿಡಿದು ಕಾಸರಗೋಡು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಮುಂಗಡ ಕೊಡಿ. ಟ್ರೈಲರಿಗೂ ರಸ್ತೆಯಲ್ಲಿ ರಿಜಿಸ್ಟ್ರೇಷನ್ ಬೇಕು ಅನ್ನುವುದನ್ನು ಎಷ್ಟೋ ಜನ ಮರೆಯುತ್ತಾರೆ.

ಎಣ್ಮಕಜೆ, ಬೆಳ್ಳೂರು, ಪೈವಳಿಕೆ ಕಡೆಯವರಿಗೆ ಕಾಸರಗೋಡಿಗಿಂತ ಪುತ್ತೂರು, ವಿಟ್ಲ ಹತ್ತಿರ. ಗಾಡಿ ಕೊಳ್ಳಲು ಮಂಗಳೂರು, ಪುತ್ತೂರಿಗೇ ಹೋಗುವುದು. ಅಲ್ಲಿ ಕೊಂಡರೂ ತಾತ್ಕಾಲಿಕ ನೋಂದಣಿಯಲ್ಲಿ ತಂದು ಕೇರಳದಲ್ಲೇ ರಿಜಿಸ್ಟರ್ ಮಾಡಿಸಬೇಕು, ಗಾಡಿ ಇರುವುದು ಇಲ್ಲಿ ತಾನೇ. ಕರ್ನಾಟಕದ ನಂಬರಿನ ಹಳೇ ಗಾಡಿ ತಂದರೆ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳಲು ಕೇರಳದ ನಂಬರು ಮಾಡಿಸಬೇಕು. ಅದಕ್ಕೆ ಅಲ್ಲಿನ ನಿರಾಕ್ಷೇಪಣಾ ಪತ್ರವನ್ನು ಮಾರುವವರಿಂದಲೇ ತೆಗೆಸಿಕೊಳ್ಳಿ.

ಸಹಾಯಧನ ಕೇಳುವವರು ಬಹಳ. ಕೃಷಿ ಯಾಂತ್ರೀಕರಣದ ಕೇಂದ್ರ ಯೋಜನೆಯಲ್ಲಿ ಪಟ್ಟಿಯಲ್ಲಿರುವ ಯಂತ್ರಕ್ಕೆ ಶೇಕಡಾ 40, ಸಣ್ಣ ಮತ್ತು ಅತಿಸಣ್ಣ ಕೃಷಿಕರಿಗೆ, ಮಹಿಳೆಯರಿಗೆ, ಪರಿಶಿಷ್ಟರಿಗೆ ಶೇಕಡಾ 50ರವರೆಗೆ ಮಿತಿಯೊಳಗೆ ಸಿಗುತ್ತದೆ. ನೀವು ನೋಡಿದ ಮಾದರಿ ಆ ಪಟ್ಟಿಯಲ್ಲಿದೆಯೇ ಅನ್ನುವುದೇ ಪ್ರಶ್ನೆ. ಮೋಜಿನ ಗಾಡಿ ಅಂತ ಮಾರುವುದಕ್ಕೆ ಸಿಗುತ್ತದೆ ಅನ್ನುವ ಆಸೆ ಬೇಡ. ಪಂಚಾಯತಿನ ಕೃಷಿ ಕಚೇರಿಯಾದ ಕೃಷಿ ಭವನದಲ್ಲಿ ಕೇಳಿ, ಮಂಜೂರಾತಿ ಬಂದ ಮೇಲೆಯೇ ಕೊಳ್ಳಿ.

ಹಂದಿ, ಕೋವಿ, ಬೇಟೆ

ಕಾಡುಹಂದಿಯ ಕಾಟ ಗೊತ್ತಿಲ್ಲದ ಕೃಷಿಕರು ಈ ಜಿಲ್ಲೆಯಲ್ಲಿ ಇಲ್ಲ. ಬಾಳೆ, ಗೆಣಸು, ಸಣ್ಣ ತೆಂಗಿನ ಗಿಡ ಒಂದೇ ರಾತ್ರಿಯಲ್ಲಿ ಮಗುಚಿಬಿಡುತ್ತವೆ. ಕಾರಡ್ಕ, ದೇಲಂಪಾಡಿ ಕಡೆ ಆನೆಯೂ ಇದೆ. ಹಾಗಾಗಿ ಎಟಿವಿ ಅಂದ ಕೂಡಲೇ ರಾತ್ರಿ ಹಂದಿ ಓಡಿಸಲು ಆಗುತ್ತದಲ್ವಾ ಅಂತ ಕೇಳುವವರಿದ್ದಾರೆ.

ಆಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಬರೀ ಕೊಲ್ಲುವುದಲ್ಲ. ಪ್ರಾಣಿಯನ್ನು ಬೆನ್ನಟ್ಟುವುದು, ಉರುಳು ಹಾಕುವುದು, ಆಮಿಷ ಇಟ್ಟು ಹಿಡಿಯುವುದು ಕೂಡ ಬೇಟೆಯೇ. ಗಾಡಿಯಲ್ಲಿ ಅಟ್ಟಿಸಿಕೊಂಡು ಹೋದರೆ ಕೇಸು ಬೀಳಬಹುದು. ಗಾಡಿಯನ್ನೂ ವಶಕ್ಕೆ ತೆಗೆದುಕೊಳ್ಳಬಹುದು.

ಹಂದಿಯ ಕಾಟಕ್ಕೆ ಕಾನೂನಿನ ದಾರಿ ಇದೆ. 2022ರಲ್ಲಿ ಕೇರಳ ಸರಕಾರ ಪಂಚಾಯತು ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನ್ ಅಧಿಕಾರ ಕೊಟ್ಟಿತು. ಹಾವಳಿ ಮಾಡುವ ಕಾಡುಹಂದಿಯನ್ನು ಕೋವಿ ಲೈಸೆನ್ಸ್ ಇರುವವರಿಂದ ಕೊಲ್ಲಿಸಲು ಅವರು ಆದೇಶ ಕೊಡಬಹುದು. ವಿದ್ಯುತ್ ತಂತಿ, ವಿಷ, ಸಿಡಿಮದ್ದು ಇದ್ಯಾವುದೂ ನಡೆಯುವುದಿಲ್ಲ. ಸತ್ತ ಹಂದಿಯನ್ನು ನಿಯಮದಂತೆ ಹೂಳಬೇಕು, ಮಾಂಸ ಮನೆಗೆ ತರುವ ಹಾಗಿಲ್ಲ. ನಷ್ಟ ಆದಾಗ ಫೋಟೋ ತೆಗೆದು ಪಂಚಾಯತಿಗೆ ಅರ್ಜಿ ಕೊಡಿ.

ಇದರಲ್ಲಿ ಎಟಿವಿಗೆ ಇರುವ ನಿಜವಾದ ಕೆಲಸ ಬೇಲಿಯದ್ದು. ಸೋಲಾರ್ ಬೇಲಿ ಹಾಕಿದವರಿಗೆ ಗೊತ್ತು, ಹುಲ್ಲೋ ಬಳ್ಳಿಯೋ ತಂತಿಗೆ ತಾಗಿದರೆ ಕರೆಂಟು ಇಳಿದುಹೋಗುತ್ತದೆ. ದಿನವೂ ಒಂದು ಸುತ್ತು ನೋಡಬೇಕು. ಬೇಲಿಯ ಒಳಬದಿಯಲ್ಲಿ 6 ಅಡಿ ದಾರಿ ಬಿಟ್ಟರೆ ಕತ್ತಿ, ತಂತಿ, ಇನ್ಸುಲೇಟರ್ ರ‍್ಯಾಕಿನಲ್ಲಿಟ್ಟುಕೊಂಡು ಬೆಳಿಗ್ಗೆಯೇ ಸುತ್ತಿ ಬರಬಹುದು. ಆನೆ ಬರುವ ಜಾಗದಲ್ಲಿ ಕತ್ತಲಾದ ಮೇಲೆ ಎಟಿವಿ ತೆಗೆಯಲೇಬೇಡಿ. ಎಂಜಿನ್ ಸದ್ದಿನಲ್ಲಿ ಆನೆಯ ಸುಳಿವು ಕೇಳುವುದಿಲ್ಲ. ಇಕ್ಕಟ್ಟು ದಾರಿಯಲ್ಲಿ ಗಾಡಿ ತಿರುಗಿಸಲೂ ಆಗುವುದಿಲ್ಲ.

ಓಡಿಸಿ ನೋಡುವುದು, ಹಳೆಯದು ಕೊಳ್ಳುವುದು

ಶೋರೂಮಿನ ಅಂಗಳದಲ್ಲಿ ಎರಡು ಸುತ್ತು ಹೊಡೆದು ಒಪ್ಪಿಕೊಳ್ಳಬೇಡಿ. ಗಾಡಿಯನ್ನು ತೋಟಕ್ಕೆ ತಂದು ತೋರಿಸಲು ಕೇಳಿ. ಲಕ್ಷಗಟ್ಟಲೆ ಕೊಡುವಾಗ ಅದು ದೊಡ್ಡ ಮಾತಲ್ಲ. ನಿಮ್ಮ ಅತಿ ಕಡಿದಾದ ಏರಿನಲ್ಲಿ ಅರ್ಧ ದಾರಿಗೆ ನಿಲ್ಲಿಸಿ, ಮತ್ತೆ ಹೊರಡಿಸಿ. ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗಾಡಿ ತಾನಾಗಿ ಹಿಡಿಯುತ್ತದೆಯೇ ನೋಡಿ. ಟ್ರೈಲರ್ ಸಿಕ್ಕಿಸಿ ರಿವರ್ಸ್ ತೆಗೆಯಿರಿ. ದಿನವೂ ಯಾರು ಓಡಿಸುತ್ತಾರೋ ಅವರೇ ಓಡಿಸಿ ನೋಡಲಿ. ಮಗ ಬೆಂಗಳೂರಿನಿಂದ ಬಂದು ಓಡಿಸಿ ಚೆಂದ ಇದೆ ಅಂದರೆ, ಅವನು ಹೋದ ಮೇಲೆ ಓಡಿಸಬೇಕಾದವರು ಅಪ್ಪನೋ ಕೆಲಸದ ಸಂಜೀವಣ್ಣನೋ ಅಲ್ವಾ?

ಸರ್ವಿಸ್ ಎಲ್ಲಿ, ಬೆಲ್ಟಿಗೆ ಎಷ್ಟು, ಟಯರಿಗೆ ಎಷ್ಟು, ತರಿಸಲು ಎಷ್ಟು ದಿನ ಅಂತ ಕೇಳಿ ಬರೆದುಕೊಳ್ಳಿ. ಕೊಯ್ಲಿನ ಸಮಯದಲ್ಲಿ ಗಾಡಿ ಒಂದು ತಿಂಗಳು ಬಿಡಿಭಾಗಕ್ಕೆ ಕಾದು ನಿಂತರೆ ಕೊಂಡು ಏನು ಪ್ರಯೋಜನ? ಬೆಲ್ಟ್, ಏರ್ ಫಿಲ್ಟರ್, ಬ್ರೇಕ್ ಪ್ಯಾಡ್ ಒಂದೊಂದು ಮೊದಲೇ ಮನೆಯಲ್ಲಿಡಿ.

ಹಳೇ ಎಟಿವಿ ಹೆಚ್ಚಾಗಿ ರೆಸಾರ್ಟುಗಳಿಂದ ಬರುತ್ತದೆ. ದಿನವಿಡೀ ಬೇರೆ ಬೇರೆ ಜನ ಎಳೆದಾಡಿದ ಗಾಡಿಗಳು. ನೋಡಲು ಹೋಗುವ ಮೊದಲೇ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿಡಿ, ತಣ್ಣಗಿರುವಾಗ ಸ್ಟಾರ್ಟ್ ಆಗುವುದನ್ನು ನೋಡಬೇಕು. ಎಂಜಿನ್ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕಿದ್ದರೆ ಒಳಗೆ ನೀರು ಹೋಗಿದೆ. ಚಕ್ರ ಹಿಡಿದು ಅಲ್ಲಾಡಿಸಿ, ಆಟ ಇದ್ದರೆ ಬೇರಿಂಗ್ ಹೋಗಿದೆ. ಆಕ್ಸೆಲಿನ ರಬ್ಬರ್ ಮುಚ್ಚಳ ಹರಿದಿದೆಯೇ, ಚಾಸಿಗೆ ಹೊಸ ಪೈಂಟಿನ ಅಡಿಯಲ್ಲಿ ವೆಲ್ಡಿಂಗ್ ಇದೆಯೇ ನೋಡಿ. ಎಂಜಿನ್ ನಂಬರು, ಚಾಸಿ ನಂಬರು ಬಿಲ್ಲಿನ ಜೊತೆ ಹೊಂದದಿದ್ದರೆ ಅಲ್ಲಿಗೇ ವಾಪಸ್ ಬನ್ನಿ.

ಮಗುಚುವುದರ ಬಗ್ಗೆ

ಇದನ್ನು ನಾನು ಒತ್ತಿ ಹೇಳುತ್ತೇನೆ. ಎಟಿವಿಯಲ್ಲಿ ಜೀವ ಹೋಗುವುದು ಹೆಚ್ಚಾಗಿ ಗಾಡಿ ಮಗುಚಿ ಅಡಿಗೆ ಸಿಕ್ಕಿದಾಗ. 1970ರಲ್ಲಿ ಹೋಂಡಾ ಕಂಪೆನಿ ತಂದ ಮೊದಮೊದಲ ಗಾಡಿಗಳಿಗೆ ಮೂರು ಚಕ್ರ. ಅಪಘಾತ ಹೆಚ್ಚಾಗಿ 1988ರಲ್ಲಿ ಅಮೆರಿಕದಲ್ಲಿ ಮೂರು ಚಕ್ರದವುಗಳ ಮಾರಾಟವೇ ನಿಂತಿತು. ನಾಲ್ಕು ಚಕ್ರ ಬಂದ ಮೇಲೂ ಕಷ್ಟ ತೀರಲಿಲ್ಲ. ಆಸ್ಟ್ರೇಲಿಯಾದಲ್ಲಿ 2021ರ ಅಕ್ಟೋಬರಿನಿಂದ, ಕೆಲಸಕ್ಕೆ ಮಾರುವ ಹೊಸ ಎಟಿವಿಗೆ ಸೀಟಿನ ಹಿಂದೆ ಸವಾರನನ್ನು ಕಾಯುವ ಚೌಕಟ್ಟು ಇರಲೇಬೇಕು ಅಂತ ಕಾನೂನು ಮಾಡಿದ್ದಾರೆ. ಮಗುಚಿದಾಗ ಗಾಡಿಗೂ ನೆಲಕ್ಕೂ ನಡುವೆ ಅದು ಜಾಗ ಉಳಿಸುತ್ತದೆ. ನೀವು ಕೊಳ್ಳುವ ಗಾಡಿಗೆ ಅಂಥದ್ದು ಸಿಗುತ್ತದೆಯೇ ಕೇಳಿ, ಸಿಕ್ಕಿದರೆ ಹಾಕಿಸಿ. ಊರಿನ ವೆಲ್ಡಿಂಗ್ ಶಾಪಿನಲ್ಲಿ ಅಂದಾಜಿಗೆ ಮಾಡಿಸಬೇಡಿ, ಭಾರ ಮೇಲಾಗಿ ಇನ್ನಷ್ಟು ಬೇಗ ಮಗುಚೀತು.

ಇಳಿಜಾರನ್ನು ಅಡ್ಡಕ್ಕೆ ದಾಟಬೇಡಿ. ನೇರ ಹತ್ತಿ, ನೇರ ಇಳಿಯಿರಿ. ಹತ್ತುವಾಗ ಮುಂದಕ್ಕೆ ಬಾಗಿ, ಇಳಿಯುವಾಗ ಹಿಂದಕ್ಕೆ ಸರಿಯಿರಿ. ಅರ್ಧ ಏರಿನಲ್ಲಿ ಎಂಜಿನ್ ನಿಂತರೆ ಅಲ್ಲೇ ಗಾಡಿ ತಿರುಗಿಸಲು ಹೋಗಬೇಡಿ, ಬ್ರೇಕು ಹಿಡಿದು ಪಾರ್ಕಿಂಗ್ ಲಾಕ್ ಹಾಕಿ ಮೇಲಿನ ಬದಿಯಿಂದ ಇಳಿಯಿರಿ. ಹೆಲ್ಮೆಟ್ ತೋಟದೊಳಗೂ ಬೇಕು. ಒಂದು ಸೀಟಿನ ಗಾಡಿಯಲ್ಲಿ ಹಿಂದೆ ಇನ್ನೊಬ್ಬರನ್ನು ಕೂರಿಸಬಾರದು, ಮೊಮ್ಮಕ್ಕಳನ್ನು ಟಾಂಕಿಯ ಮೇಲೆ ಕೂರಿಸಿ ಸುತ್ತಿಸುವುದಂತೂ ಕೂಡದು. 90 ಸಿಸಿಗಿಂತ ದೊಡ್ಡ ಗಾಡಿಯನ್ನು 16 ವರ್ಷದೊಳಗಿನವರಿಗೆ ಕೊಡಬೇಡಿ ಅಂತ ಕಂಪೆನಿಗಳೇ ಹೇಳುತ್ತವೆ. ಕೆಲಸದವರಿಗೆ ಗಾಡಿ ಕೊಡುವ ಮೊದಲು ಕೈಪಿಡಿಯ ಎಚ್ಚರಿಕೆಗಳನ್ನು ಕನ್ನಡದಲ್ಲೋ ತುಳುವಿನಲ್ಲೋ ಬಿಡಿಸಿ ಹೇಳಿ, ನಿಮ್ಮೆದುರೇ ಓಡಿಸಲು ಬಿಡಿ.

ಮನೆಗೆ ಬಂದ ಮೇಲೆ

ಮೊದಲ ವಾರ ಟ್ರೈಲರ್ ಇಲ್ಲದೆ, ಮಟ್ಟಸ ಜಾಗದಲ್ಲಿ ಮಾತ್ರ ಓಡಿಸಿ. ದಾರಿಗೆ ಅಡ್ಡ ಬರುವ ನೀರಿನ ಪೈಪುಗಳನ್ನು ಒಂದು ಅಡಿ ಆಳಕ್ಕೆ ಹೂಳಿಸಿ. ಬೇಸಿಗೆಯ ಕೆಂಪು ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ, ಆಗಾಗ ಬಿಚ್ಚಿ ನೋಡಿ. ಮದ್ದು ಬಿಟ್ಟ ದಿನ ಸಂಜೆಯೇ ಗಾಡಿ, ಟ್ರೈಲರ್ ಎರಡನ್ನೂ ತೊಳೆಯಿರಿ, ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ತೊಳೆಯುವಾಗ ಬೇರಿಂಗಿಗೆ, ವೈರಿನ ಜೋಡಣೆಗೆ ಜೋರಿನ ನೀರು ಹಾರಿಸಬೇಡಿ. ಮಳೆಗಾಲದಲ್ಲಿ ತುಂಬಾ ದಿನ ಓಡಿಸದಿದ್ದರೆ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡಿ. ಎಥನಾಲ್ ಬೆರೆತ ಪೆಟ್ರೋಲು ತೇವ ಹೀರುತ್ತದೆ, ಟಾಂಕಿ ಅರ್ಧ ಖಾಲಿ ಇಟ್ಟು ಬಿಡಬೇಡಿ. ಗಾಡಿಯನ್ನು ಅಡಿಕೆ ಗೋಣಿಯ ಪಕ್ಕ, ಹುಲ್ಲಿನ ಅಟ್ಟದ ಅಡಿಯಲ್ಲಿ ನಿಲ್ಲಿಸಿದರೆ ಇಲಿ ಸೀಟಿನ ಅಡಿಯ ವೈರು ಕಡಿಯುತ್ತದೆ. ಬೇರೆ ಜಾಗ ಮಾಡಿ, ತಿಂಗಳಿಗೊಮ್ಮೆ ಸೀಟು ಎತ್ತಿ ನೋಡಿ.